ನಲಿಕಲಿ ಕೋಣೆಯಲ್ಲಿ ಕೂರದ ಮಗು: ಡಾಕ್ಟರ ಹತ್ತಿರ ಕಳಿಸುವ ಮೊದಲು ಏನೇನು ನೋಡಬೇಕು?

ಹಲಗೆ_ಬಳಪ (ನಲಿಕಲಿ ಶಿಕ್ಷಕಿ)

ಜೂನ್‌ನಲ್ಲಿ ಶಾಲೆ ಶುರುವಾಗಿ ಆಗಸ್ಟ್ ಬರುವಷ್ಟರಲ್ಲಿ ಪ್ರತಿ ನಲಿಕಲಿ ಕೋಣೆಯಿಂದಲೂ (ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡು ಹಿಡಿದು ಕಲಿಯುವ ಕೋಣೆ) ಒಂದಿಬ್ಬರ ಹೆಸರು ಸ್ಟಾಫ್ ರೂಮಿಗೆ ಬಂದಿರುತ್ತದೆ. ಕೂತಲ್ಲಿ ಕೂರಲ್ಲ, ಹೇಳಿದ್ದು ಅರ್ಧ ಕೇಳಿಸಿಕೊಂಡು ಎದ್ದು ಹೋಗ್ತಾನೆ, ಪಕ್ಕದವರ ಪೆನ್ಸಿಲ್ ಕಿತ್ಕೊಳ್ತಾನೆ, ಶುರು ಮಾಡಿದ್ದು ಯಾವುದೂ ಮುಗಿಯಲ್ಲ. ಕೆಲವರು ತಕ್ಷಣ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ) ಅಂತಾರೆ. ಇನ್ನು ಕೆಲವರು ಬರೀ ಚೇಷ್ಟೆ ಅಂತ ಕೈ ತೊಳ್ಕೊಳ್ತಾರೆ. ಎರಡೂ ಅವಸರದ ಮಾತು.

ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ವಿಷಯದಲ್ಲಿ ಯಾವುದಾದ ಮೇಲೆ ಯಾವುದನ್ನು ನೋಡಬೇಕು, ಕೋಣೆಯಲ್ಲಿ ಏನು ಬದಲಿಸಬೇಕು, ಯಾರ ಹತ್ತಿರ ಕಳಿಸಬೇಕು ಅಂತ ಗೊತ್ತಿರುವವರು ಬರೆಯಿರಿ. 30 ಮಕ್ಕಳನ್ನು ಇಟ್ಟುಕೊಂಡು ಒಬ್ಬರೇ ಟೀಚರ್ ಮಾಡೋಕಾಗುವಂಥದ್ದು ಬೇಕು.

ಸಮನ್ವಯ_ದಾರಿ (ಬಿಐಇಆರ್‌ಟಿ, ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ತಾಲ್ಲೂಕು ಸಂಪನ್ಮೂಲ ಶಿಕ್ಷಕಿ)

ಮೊದಲು ರೋಗದ ಹೆಸರು ಪಕ್ಕಕ್ಕಿಟ್ಟು ಎಣಿಕೆ ಶುರು ಮಾಡಿ ಮೇಡಂ. ಬಿಆರ್‌ಸಿಗೆ (ತಾಲ್ಲೂಕಿನ ಸಂಪನ್ಮೂಲ ಕೇಂದ್ರಕ್ಕೆ) ಬರುವ ಪತ್ರಗಳಲ್ಲಿ ಸಾಮಾನ್ಯವಾಗಿ ‘ಮಗು ತುಂಬಾ ಚಂಚಲ, ಸೂಕ್ತ ಕ್ರಮ ಕೈಗೊಳ್ಳುವುದು’ ಅಂತ ಒಂದೇ ಸಾಲು ಇರುತ್ತದೆ. ಅದನ್ನು ಓದಿ ಯಾರೂ ಏನೂ ಮಾಡೋಕಾಗಲ್ಲ.

ಆ ಮಗುವಿನ ಜೊತೆಗೆ ಅದೇ ಕ್ಲಾಸಿನ, ಹೆಚ್ಚುಕಮ್ಮಿ ಅದೇ ವಯಸ್ಸಿನ ಇನ್ನೊಬ್ಬನನ್ನು ಆರಿಸಿಕೊಳ್ಳಿ. ಕ್ಲಾಸಿಗೇ ಜಾಣನಾದವನು ಬೇಡ, ನಡುವಿನವನು ಸಾಕು. ಹುಡುಗನಾದರೆ ಹುಡುಗ, ಹುಡುಗಿಯಾದರೆ ಹುಡುಗಿ. 20 ನಿಮಿಷ, 30 ಸೆಕೆಂಡಿಗೊಮ್ಮೆ ತಲೆಯೆತ್ತಿ ಇಬ್ಬರನ್ನೂ ನೋಡಿ. ಆ ಗಳಿಗೆಯಲ್ಲಿ ಕೊಟ್ಟ ಕೆಲಸದ ಮೇಲಿದ್ದರೆ ಗೀಟು, ಇಲ್ಲದಿದ್ದರೆ ಸೊನ್ನೆ. ಒಟ್ಟು 40 ನೋಟ. ಇವನದು 16, ಆ ಇನ್ನೊಬ್ಬನದು 30 ಅಂತ ಬಂದರೆ ಅಂತರ ನಿಜವಾಗಿಯೂ ಇದೆ ಅಂತ ಅರ್ಥ. ಇವನದು 16, ಅವನದು 19 ಅಂತ ಬಂದರೆ ತೊಂದರೆ ಮಗುವಿನಲ್ಲಿಲ್ಲ, ಆ ಹೊತ್ತಿನ ಪಾಠದಲ್ಲೋ ಕೋಣೆಯಲ್ಲೋ ಇದೆ. ಹೀಗೆ ಬರುವುದು ನೀವಂದುಕೊಂಡಷ್ಟು ಅಪರೂಪವಲ್ಲ.

ಪಾಠ ಮಾಡುತ್ತಲೇ ಇದನ್ನು ಮಾಡೋಕಾಗಲ್ಲ, ಗೊತ್ತು. ಪಕ್ಕದ ಕೋಣೆಯವರನ್ನೋ ಸಿಆರ್‌ಪಿಯವರನ್ನೋ (ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ) 20 ನಿಮಿಷ ಕೂರಿಸಿ. ಯಾರೂ ಇಲ್ಲದಿದ್ದರೆ ಫೋನನ್ನು ನಿಮಿಷಕ್ಕೊಮ್ಮೆ ನಡುಗುವ ಹಾಗೆ ಇಟ್ಟುಕೊಂಡು 15 ಸಲ ನೋಡಿದರೂ ನಡೆಯುತ್ತದೆ. ಬೇರೆ ಬೇರೆ ದಿನ, ಬೇರೆ ಬೇರೆ ಕೆಲಸದಲ್ಲಿ ಮೂರು ಸಲ ಮಾಡಲೇಬೇಕು: ಒಮ್ಮೆ ಓದು ಬರಹ, ಒಮ್ಮೆ ಲೆಕ್ಕ, ಒಮ್ಮೆ ಕಥೆಯೋ ಹಾಡೋ. ಕಥೆಯಲ್ಲಿ ಅಂತರವೇ ಇಲ್ಲದೆ ಓದಿನಲ್ಲಿ ಮಾತ್ರ ಇದ್ದರೆ ಅದನ್ನು ಗಮನದ ತೊಂದರೆ ಅನ್ನುವ ಮೊದಲು ಮಗುವಿಗೆ ಅಕ್ಷರ ಎಷ್ಟು ಬರುತ್ತದೆ ನೋಡಿ. ಕಾಗುಣಿತದಲ್ಲೇ ಸಿಕ್ಕಿಕೊಂಡವನ ಮುಂದೆ ಒತ್ತಕ್ಷರದ ಕಾರ್ಡು ಇಟ್ಟರೆ ಅವನು ಕಿಟಕಿ ನೋಡದೆ ಇನ್ನೇನು ನೋಡಬೇಕು?

ಮನೆಮಾತನ್ನೂ ಬರೆದುಕೊಳ್ಳಿ. ಮನೆಯಲ್ಲಿ ಲಂಬಾಣಿಯೋ ಉರ್ದುವೋ ತೆಲುಗೋ ಮಾತಾಡುವ ಮಗು ಮೊದಲ ಕೆಲವು ತಿಂಗಳು ‘ಹೇಳಿದ್ದು ಕೇಳಲ್ಲ’ ಅನ್ನೋ ಹಾಗೇ ಕಾಣುತ್ತದೆ.

ಕಿವಿ_ಮಾತು (ಆಡಿಯಾಲಜಿಸ್ಟ್, ಶ್ರವಣ ತಜ್ಞರು)

ಮೇಲಿನವರು ಬಿಟ್ಟದ್ದನ್ನು ಹೇಳ್ತೀನಿ. ‘ಹೇಳಿದ್ದು ಕೇಳಲ್ಲ’ ಅಂದ ಕೂಡಲೇ ಕಿವಿ ಪರೀಕ್ಷೆ ಆಗಬೇಕು. ಮಳೆಗಾಲದಲ್ಲಿ ಶೀತ, ಮೂಗು ಕಟ್ಟುವುದು ಜಾಸ್ತಿ. ಈ ವಯಸ್ಸಿನವರಿಗೆ ಕಿವಿತಮಟೆಯ ಹಿಂದೆ ಅಂಟುನೀರು ತುಂಬಿಕೊಳ್ಳುತ್ತದೆ. ಕಿವಿ ಸೋರಲ್ಲ, ಎಷ್ಟೋ ಸಲ ನೋಯುವುದೂ ಇಲ್ಲ. ಹಾಗಾಗಿ ಮನೆಯವರಿಗೆ ಗೊತ್ತೇ ಆಗಲ್ಲ. ಪೂರ್ತಿ ಕಿವುಡೂ ಅಲ್ಲ, ಒಂದು ಮಟ್ಟಿಗೆ ಮಂಕಾಗಿ ಕೇಳುತ್ತದೆ, ಅದೂ ಒಂದು ವಾರ ಚೆನ್ನಾಗಿ, ಇನ್ನೊಂದು ವಾರ ಇಲ್ಲ. ಟೀಚರಿಗೆ ‘ಬೇಕಾದಾಗ ಕೇಳ್ತಾನೆ, ಬೇಡವಾದಾಗ ಇಲ್ಲ’ ಅನ್ನಿಸುವುದು ಇದಕ್ಕೇ.

ಕೋಣೆಯಲ್ಲಿ ಕಾಣುವ ಗುರುತುಗಳು: ಮಾತಾಡುವವರ ಮುಖವನ್ನೇ ದಿಟ್ಟಿಸುವುದು, ಜೋರು ಗಂಟಲಿನಲ್ಲಿ ಮಾತಾಡುವುದು, ಬೇರೆಯವರು ಪುಸ್ತಕ ತೆಗೆದದ್ದನ್ನು ನೋಡಿ ತಾನೂ ತೆಗೆಯುವುದು. ಆ ಕೊನೆಯದನ್ನು ಗಮನಿಸಿ. ಗಮನವಿಲ್ಲದ ಮಗು ಬೇರೆಯವರು ತೆಗೆದದ್ದನ್ನೂ ನೋಡಿರಲ್ಲ.

ಒರಟು ಪರೀಕ್ಷೆ ಒಂದಿದೆ. ಕೋಣೆ ಖಾಲಿಯಾದ ಮೇಲೆ ಮಗುವಿನ ಬೆನ್ನ ಹಿಂದೆ ಒಂದು ತೋಳಿನ ದೂರ, ಸುಮಾರು 60 ಸೆಂಟಿಮೀಟರ್, ನಿಲ್ಲಿ. ಒಂದು ಕಿವಿಯನ್ನು ಮಗುವೇ ಬೆರಳಿಟ್ಟು ಮುಚ್ಚಿಕೊಳ್ಳಲಿ. ಉಸಿರು ಪೂರ್ತಿ ಬಿಟ್ಟು, ಪಿಸುದನಿಯಲ್ಲಿ ಹಾಲು, ಕೋಳಿ, ಸೂಜಿ ಥರದ ಗೊತ್ತಿರುವ ಪದ ಹೇಳಿ, ಮಗು ತಿರುಗಿ ಹೇಳಲಿ. ತಪ್ಪಿದರೆ ಆಡಿಯೋಗ್ರಾಂ (ಯಂತ್ರದಲ್ಲಿ ಮಾಡುವ ಕಿವಿ ಪರೀಕ್ಷೆ) ಮಾಡಿಸಲೇಬೇಕು. ಪಾಸಾದರೆ ಕಿವಿ ಸರಿಯಿದೆ ಅಂತ ಮಾತ್ರ ತೀರ್ಮಾನ ಮಾಡಬೇಡಿ, ಶೀತ ಇರುವ ವಾರದಲ್ಲಿ ಇನ್ನೊಮ್ಮೆ ನೋಡಿ. ಜಿಲ್ಲಾಸ್ಪತ್ರೆಯ ಇಎನ್‌ಟಿ ವಿಭಾಗದಲ್ಲಿ ವಿಚಾರಿಸಿ. ಮೈಸೂರು ಕಡೆಯವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದ್ದೇ ಇದೆ. ಕಣ್ಣಿನದೂ ಅದೇ ದಿನ ಮುಗಿಸಿಬಿಡಿ.

ಹಳೇ_ಬೆಂಚು

ಇಷ್ಟೆಲ್ಲಾ ಗದ್ದಲ ಯಾಕ್ರೀ? ನಮ್ಮ ಕಾಲದಾಗ ಮಾಸ್ತರು ಎರಡ ಬಿಟ್ರ ಇಡೀ ಕ್ಲಾಸ ಸುಮ್ ಕುಂಡ್ರತಿತ್ತು. ಹೊರಗ ನಿಲ್ಲಸ್ರಿ, ನಾಕ ದಿನದಾಗ ಹಾದಿಗೆ ಬರ್ತಾನ.

ಸಮನ್ವಯ_ದಾರಿ

ಸರ್, ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು ಎರಡನ್ನೂ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ನೇ ನಿಷೇಧಿಸಿದೆ. ಕಾನೂನು ಬಿಡಿ, ಹೊರಗೆ ನಿಲ್ಲಿಸಿದರೆ ನಿಜಕ್ಕೂ ಏನಾಗುತ್ತದೆ ನೋಡಿ. ಬರೆಯೋಕೆ ಬಾರದ ಹುಡುಗನಿಗೆ ಬರೆಯುವ ಕೆಲಸ ಬಂತು. ಪಕ್ಕದವನಿಗೆ ಚಿವುಟಿದ. ಹೊರಗೆ ಕಳಿಸಿದಿರಿ. ಬರೆಯುವುದು ತಪ್ಪಿತು! ಚಿವುಟಿದರೆ ಬರವಣಿಗೆ ತಪ್ಪುತ್ತದೆ ಅನ್ನೋ ಪಾಠವನ್ನು ನೀವೇ ಕಲಿಸಿದ ಹಾಗಾಯ್ತು. ನಾಲ್ಕು ದಿನದಲ್ಲಿ ಚಿವುಟುವುದು ಜಾಸ್ತಿಯಾಗುತ್ತದೆ, ಕಮ್ಮಿಯಾಗಲ್ಲ.

ಅದಕ್ಕೇ ಮೂರು ಕಾಲಮ್ಮಿನ ಪುಸ್ತಕ ಇಡಿ ಅನ್ನುವುದು. ಮೊದಲ ಕಾಲಮ್ಮಿನಲ್ಲಿ ಸ್ವಲ್ಪ ಮುಂಚೆ ಏನು ನಡೆದಿತ್ತು, ಎರಡನೆಯದರಲ್ಲಿ ಮಗು ಏನು ಮಾಡಿತು, ಮೂರನೆಯದರಲ್ಲಿ ಆಮೇಲೆ ಯಾರು ಏನು ಮಾಡಿದರು. ಕಣ್ಣಿಗೆ ಕಂಡದ್ದಷ್ಟೇ ಬರೆಯಿರಿ. ‘ಹಟ ಮಾಡಿದ’ ಅಂತ ಬೇಡ, ‘ಕಾರ್ಡನ್ನು ನೆಲಕ್ಕೆ ಎಸೆದು ಬಾಗಿಲ ಹತ್ತಿರ ಹೋದ, 11.20’ ಅಂತ ಇರಲಿ. ದಿನಕ್ಕೆ ಮೂರೋ ನಾಲ್ಕೋ ಘಟನೆ, ಎರಡು ವಾರ. ಆಮೇಲೆ ಮೂರನೇ ಕಾಲಮ್ಮನ್ನು ಮಾತ್ರ ಮೇಲಿಂದ ಕೆಳಗೆ ಓದಿ. ಪ್ರತಿ ಸಲವೂ ಕೆಲಸ ತಪ್ಪಿದೆ ಅಂತಿದ್ದರೆ ಕೆಲಸವನ್ನು ಚಿಕ್ಕದು ಮಾಡಿ, ಆದರೆ ತಪ್ಪಿಸಿಕೊಳ್ಳೋಕೆ ಬಿಡಬೇಡಿ. ಪ್ರತಿ ಸಲವೂ ಇಡೀ ಕ್ಲಾಸು ತಿರುಗಿ ನೋಡಿ ನಕ್ಕಿದೆ ಅಂತಿದ್ದರೆ ಅವನಿಗೆ ಬೇಕಾಗಿರುವುದು ಆ ನೋಟ. ಅದನ್ನು ಅವನು ಸರಿಯಾಗಿ ಕೂತಾಗಲೇ ಕೊಡಿ, ಗಲಾಟೆ ಮಾಡಿದಾಗ ನೋಡದ ಹಾಗೆ ಇರಿ.

ಎಚ್ಚರಿಕೆ ಒಂದಿದೆ. ನೋಡಿದರೂ ನೋಡದ ಹಾಗೆ ಇರೋಕೆ ಶುರು ಮಾಡಿದ ಮೊದಲ ಕೆಲವು ದಿನ ಗಲಾಟೆ ಇನ್ನೂ ಏರುತ್ತದೆ. ಅಲ್ಲಿ ಸೋತು ಬೈದರೆ ಮುಂದಿನ ಸಲ ಆ ಎತ್ತರದಿಂದಲೇ ಶುರುವಾಗುತ್ತದೆ. ಹೊಡೆತ, ಕಚ್ಚುವುದು, ರಸ್ತೆಗೆ ಓಡುವುದು, ಇವನ್ನು ಮಾತ್ರ ಯಾವತ್ತೂ ನೋಡದ ಹಾಗೆ ಇರಬಾರದು.

ಮಕ್ಕಳ_ಡಾಕ್ಟ್ರು

ಕೊನೆಗೆ ಶಾಲೆಯಿಂದ ಮಗು ನಮ್ಮ ಹತ್ತಿರ ಬಂದಾಗ ಏನು ನೋಡುತ್ತೇವೆ ಅಂತ ಹೇಳಿದರೆ ಏನು ಬರೆದು ಕಳಿಸಬೇಕು ಅಂತಲೂ ಗೊತ್ತಾಗುತ್ತದೆ.

ಎಡಿಎಚ್‌ಡಿಗೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. 2013ರಲ್ಲಿ ಬಂದ ಡಿಎಸ್‌ಎಂ-5 (ಮಾನಸಿಕ ತೊಂದರೆಗಳನ್ನು ಗುರುತಿಸಲು ಡಾಕ್ಟರುಗಳು ಬಳಸುವ ಅಮೆರಿಕದ ಕೈಪಿಡಿ) ಪ್ರಕಾರ ಗಮನದ ಕಡೆಯ 9 ಲಕ್ಷಣ, ಚಡಪಡಿಕೆ ಮತ್ತು ಆತುರದ ಕಡೆಯ 9 ಲಕ್ಷಣ. ಮಕ್ಕಳಲ್ಲಿ ಯಾವುದಾದರೂ ಒಂದು ಕಡೆ 6 ಇರಬೇಕು, 6 ತಿಂಗಳಾದರೂ ಇದ್ದಿರಬೇಕು, 12 ವರ್ಷದೊಳಗೆ ಶುರುವಾಗಿರಬೇಕು, ಮನೆ ಶಾಲೆ ಥರ ಕನಿಷ್ಠ ಎರಡು ಕಡೆ ಕಾಣಬೇಕು, ಅದರಿಂದ ಕಲಿಕೆಗೋ ಒಡನಾಟಕ್ಕೋ ತೊಂದರೆಯಾಗುತ್ತಿರಬೇಕು. ಜೂನ್‌ನಲ್ಲಿ ಸೇರಿದ ಮಗುವಿನ ಬಗ್ಗೆ ಆಗಸ್ಟ್‌ನಲ್ಲಿ ಟೀಚರ್ ಖಚಿತವಾಗಿ ಹೇಳಲಾಗದು ಅನ್ನೋದಕ್ಕೆ ಈ ಆರು ತಿಂಗಳೇ ಒಂದು ಕಾರಣ. ಶಾಲೆಯಲ್ಲಿ ಮಾತ್ರ, ಅದೂ ಒಬ್ಬ ಟೀಚರ ಹತ್ತಿರ ಮಾತ್ರ ಹೀಗೆ ಅಂದರೆ ನಾವು ಬೇರೆ ಕಡೆ ಹುಡುಕುತ್ತೇವೆ.

ವಯಸ್ಸು ತುಂಬಾ ಮುಖ್ಯ. ಒಂದೇ ಕ್ಲಾಸಿನ ಅತಿ ಚಿಕ್ಕ ಮಕ್ಕಳಿಗೆ ಎಡಿಎಚ್‌ಡಿ ಹಣೆಪಟ್ಟಿ ಹೆಚ್ಚು ಬೀಳುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ನಮ್ಮಲ್ಲೂ 2025-26ರ ಸಾಲಿಗೆ ಒಂದನೇ ಕ್ಲಾಸಿನ 6 ವರ್ಷದ ನಿಯಮ ಸಡಿಲಿಸಿ 5 ವರ್ಷ 5 ತಿಂಗಳಿಗೂ ಸೇರಿಸಿಕೊಂಡರು. ಆ ಮಗುವಿನ ಪಕ್ಕ ಆರೂವರೆಯದು ಕೂತಿರುತ್ತದೆ. ಈ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಬಹಳ ದೊಡ್ಡದು. ಹಾಜರಾತಿಯಲ್ಲಿ ಜನ್ಮದಿನಾಂಕ ನೋಡದೆ ಯಾವ ಮಗುವನ್ನೂ ಹೋಲಿಸಬೇಡಿ.

ನಿದ್ದೆ ಕೇಳಿ. 6ರಿಂದ 12 ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ಬೇಕು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ನಿದ್ದೆಗೆಟ್ಟ ಮಕ್ಕಳು ಕುಣಿಯುತ್ತಾರೆ. ರಾತ್ರಿ ಗೊರಕೆ, ಹಗಲೂ ಬಾಯಿ ತೆರೆದು ಉಸಿರಾಟ ಇದ್ದರೆ ಅಡಿನಾಯ್ಡ್ (ಮೂಗಿನ ಹಿಂದಿನ ಗ್ರಂಥಿ), ಟಾನ್ಸಿಲ್ ನೋಡಬೇಕು. ರಕ್ತಹೀನತೆಯೂ ಹಾಗೇ, ಮಗು ಸಪ್ಪಗಾಗುತ್ತದೆ ಇಲ್ಲವೇ ಕಿರಿಕಿರಿ ಮಾಡುತ್ತದೆ. 5ರಿಂದ 11 ವಯಸ್ಸಿಗೆ ಹಿಮೋಗ್ಲೋಬಿನ್ 11.5ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಮಾತ್ರೆ ನುಂಗಿದನೋ ಕಿಸೆಯಲ್ಲಿಟ್ಟುಕೊಂಡನೋ ನೋಡಿ.

ಇನ್ನೊಂದು, ಇದನ್ನು ಟೀಚರೇ ಹಿಡಿಯಬಲ್ಲರು. ‘ಕನಸು ಕಾಣ್ತಾ ಕೂರ್ತಾಳೆ’ ಅನ್ನಿಸುವ ಕೆಲವು ಮಕ್ಕಳಿಗೆ ಇರುವುದು ಆಬ್ಸೆನ್ಸ್ ಅನ್ನೋ ಬಗೆಯ ಫಿಟ್ಸ್. ಬೀಳುವುದಿಲ್ಲ, ಕೈಕಾಲು ಸೆಟೆಯುವುದಿಲ್ಲ. ಓದುತ್ತಾ ಓದುತ್ತಾ ಪದದ ನಡುವೆಯೇ ನಿಂತುಬಿಡುತ್ತದೆ, ಕಣ್ಣು ನೆಟ್ಟಿರುತ್ತದೆ, ರೆಪ್ಪೆ ಸಣ್ಣಗೆ ಅದುರಬಹುದು. ಹತ್ತು ಸೆಕೆಂಡು ಕಳೆದ ಮೇಲೆ ಏನೂ ಆಗದ ಹಾಗೆ ಮುಂದುವರಿಯುತ್ತದೆ. ದಿನಕ್ಕೆ ಹತ್ತಾರು ಸಲ ಬರಬಹುದು. ಗುರುತಿಸುವುದು ಸುಲಭ: ಕನಸು ಕಾಣುವ ಮಗುವಿನ ಭುಜ ಮುಟ್ಟಿ ಹೆಸರು ಕರೆದರೆ ಬೆಚ್ಚಿ ತಿರುಗುತ್ತದೆ, ಈ ಮಗು ತಿರುಗಲ್ಲ. ಮುಖ ಕಾಣುವ ಹಾಗೆ 20 ಸೆಕೆಂಡಿನ ವಿಡಿಯೋ ತೆಗೆದು ಪೋಷಕರ ಕೈಗೆ ಕೊಡಿ, ಶಾಲೆಯ ಗ್ರೂಪಿಗೆ ಹಾಕಬೇಡಿ. ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸುವುದು ಇಂಥ ಅನುಮಾನ ಇದ್ದಾಗ, ಚಂಚಲತೆಗೆಲ್ಲ ಅಲ್ಲ.

ಅಮ್ಮ_ಆಫೀಸು

ಡಾಕ್ಟ್ರೇ, ಸಕ್ಕರೆ, ಚಾಕೊಲೇಟ್ ನಿಲ್ಲಿಸಿದರೆ ಕಮ್ಮಿಯಾಗುತ್ತಾ? ಫೋನಿನಿಂದಲೇ ಬರುತ್ತೆ ಅಂತಾರಲ್ಲ? ಮಿಡ್‌ಬ್ರೇನ್ ಆಕ್ಟಿವೇಶನ್ ಕ್ಲಾಸಿನವರು ಶಾಲೆಗೇ ಬಂದು ಪಾಂಪ್ಲೆಟ್ ಹಂಚಿ ಹೋಗ್ತಾರೆ, ಅದು?

ಮಕ್ಕಳ_ಡಾಕ್ಟ್ರು

ಸಕ್ಕರೆ: ಹಲ್ಲಿಗೆ ಕೆಟ್ಟದ್ದು, ಚಂಚಲತೆಗೆ ಕಾರಣ ಅಲ್ಲ, ಪರೀಕ್ಷೆ ಮಾಡಿ ನೋಡಿಯಾಗಿದೆ. ಫೋನು: ಎಡಿಎಚ್‌ಡಿ ಬಹುಮಟ್ಟಿಗೆ ಹುಟ್ಟಿನಿಂದ, ಮನೆತನದಲ್ಲಿ ಬರುವಂಥದ್ದು. ಆದರೆ ಫೋನು ನಿದ್ದೆ ತಿನ್ನುತ್ತದೆ, ಆ ದಾರಿಯಿಂದ ಇದ್ದದ್ದನ್ನು ಹೆಚ್ಚಿಸುತ್ತದೆ. ಮಲಗುವ ಒಂದು ಗಂಟೆ ಮುಂಚೆ ಕಿತ್ತಿಡಿ. ಮಿಡ್‌ಬ್ರೇನ್: ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುವ ಆಟ, ಮೂಗಿನ ಪಕ್ಕದ ಸಂದಿಯಿಂದ ಕಾಣುತ್ತಿರುತ್ತದೆ. ದುಡ್ಡು ಉಳಿಸಿ.

ಮೈಲಿಗಲ್ಲು (ಶಿಕ್ಷಕ)

ಕೋಣೆಯ ಮಾತಿಗೆ ಬರೋಣ. ನಲಿಕಲಿ ಇಂಥ ಮಕ್ಕಳಿಗೆ ಹೇಳಿ ಮಾಡಿಸಿದ್ದು ಅಂತ ತರಬೇತಿಗಳಲ್ಲಿ ಹೇಳುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ಓಡಾಟಕ್ಕೆ ಅವಕಾಶವಿದೆ, ಒಂದೊಂದು ಕಾರ್ಡಿನ ಕೆಲಸ ಚಿಕ್ಕದು, ಅವರವರ ವೇಗ ಅವರವರಿಗೆ. ಅದೆಲ್ಲ ನಿಜ. ಆದರೆ ಐದು ಗುಂಪು ಒಟ್ಟಿಗೆ ಮಾತಾಡುವ ಕೋಣೆಯಲ್ಲಿ ಸದ್ದು ಎಷ್ಟಿರುತ್ತದೆ? ಸ್ವಕಲಿಕೆಯ ಗುಂಪಿಗೆ ಬಂದ ದಿನ ಈ ಮಗುವನ್ನು ಹಿಡಿದಿಡುವವರು ಯಾರೂ ಇಲ್ಲ.

ಮಗು ಕೈತಪ್ಪುವುದು ಕಾರ್ಡು ಮಾಡುವಾಗ ಅಲ್ಲ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ. ಮುಗಿಸಿದ ಕಾರ್ಡು ಹಿಡಿದು ಏಳುತ್ತಾನೆ. ಏಣಿಯ (ಕಲಿಕೆಯ ಹೆಜ್ಜೆಗಳನ್ನು ಚಿತ್ರಗಳಲ್ಲಿ ತೋರಿಸುವ ಪಟ) ಹತ್ತಿರ ಹೋಗಿ ಮುಂದಿನ ಚಿತ್ರ ಯಾವುದು ಅಂತ ನೋಡಬೇಕು, ಆ ಚಿತ್ರದ ಕಾರ್ಡನ್ನು ರ‍್ಯಾಕಿನಲ್ಲಿ ಹುಡುಕಬೇಕು, ಯಾವ ಗುಂಪು ಅಂತ ತಿಳಿದು ಅಲ್ಲಿಗೆ ಬಂದು ಕೂರಬೇಕು. ನಾಲ್ಕು ಹೆಜ್ಜೆಯನ್ನು ತಲೆಯಲ್ಲಿ ಇಟ್ಟುಕೊಂಡು ಮೂರು ಗುಂಪಿನ ನಡುವೆ ನಡೆಯಬೇಕು. ಎರಡನೇ ಹೆಜ್ಜೆಯಲ್ಲಿ ಯಾರದೋ ಬಣ್ಣದ ಪೆನ್ಸಿಲ್ ಕಾಣುತ್ತದೆ, ಅಲ್ಲಿಗೆ ಮುಗೀತು.

ಇದಕ್ಕೆ ಮಾಡಬಹುದಾದ್ದು ಇದೆ. ಆ ಮಗುವಿಗೆ ಎರಡು ಕಾರ್ಡು ಒಟ್ಟಿಗೆ ಕೊಟ್ಟು ಕೂರಿಸಿ, ಮೇಲಿನದು ಈಗಿನದು, ಕೆಳಗಿನದು ಮುಂದಿನದು. ಎದ್ದು ಹೋಗುವುದು ಅರ್ಧಕ್ಕೆ ಇಳಿಯುತ್ತದೆ. ಹೋಗಲೇಬೇಕಾದಾಗ ಜೊತೆಗೊಬ್ಬ ಹೋಗಲಿ, ಸಮಾಧಾನದ ಸ್ವಭಾವದವನು. ಅವನನ್ನು ಎರಡು ವಾರಕ್ಕೊಮ್ಮೆ ಬದಲಿಸಿ, ಇಲ್ಲದಿದ್ದರೆ ಅವನ ಕಲಿಕೆ ಕುಂಟುತ್ತದೆ. ಕಾರ್ಡಿನ ರ‍್ಯಾಕಿಗೆ ಹೋಗುವ ದಾರಿ ಗೋಡೆ ಬದಿಯಲ್ಲಿರಲಿ, ಗುಂಪುಗಳ ನಡುವೆ ಬೇಡ.

ಕೂರುವ ಜಾಗ: ಬಾಗಿಲು, ಕಿಟಕಿಯ ಹತ್ತಿರ, ಚಪ್ಪರದ (ಮಕ್ಕಳ ಕೆಲಸದ ಹಾಳೆಗಳನ್ನು ತಲೆಯ ಮೇಲೆ ತೂಗುಹಾಕುವ ದಾರಗಳು) ಕೆಳಗೆ ಬೇಡ. ಫ್ಯಾನ್ ಗಾಳಿಗೆ ಚಪ್ಪರದ ಹಾಳೆಗಳು ತಲೆ ಮೇಲೆ ಪಟಪಟ ಅನ್ನುತ್ತಿದ್ದರೆ ದೊಡ್ಡವರಿಗೂ ಕಣ್ಣು ಮೇಲೆ ಹೋಗುತ್ತದೆ. ಹಾಗಂತ ಕೋಣೆಯನ್ನೇ ಬೋಳು ಮಾಡಬೇಡಿ. ನಿಮ್ಮ ಕೈಗೆ ಭುಜ ಸಿಗುವಷ್ಟು ಹತ್ತಿರ ಕೂರಿಸಿ, ಆದರೆ ಒಂಟಿಯಾಗಿ ಮೂಲೆಯಲ್ಲಿ ಅಲ್ಲ.

ಹೇಳುವ ರೀತಿ: ದೂರದಿಂದ ಕೂಗಬೇಡಿ. ಹತ್ತಿರ ಹೋಗಿ, ಹೆಸರು ಕರೆದು, ಒಂದೇ ಒಂದು ಕೆಲಸ ಹೇಳಿ. ‘ಪುಸ್ತಕ ತೆಗಿ.’ ಐದರಿಂದ ಹತ್ತು ಸೆಕೆಂಡು ಬಾಯಿ ಮುಚ್ಚಿಕೊಂಡು ಕಾಯಿರಿ. ಕಷ್ಟದ ಭಾಗ ಇದೇ, ನಾವು ಕಾಯುವುದಿಲ್ಲ. ಎರಡನೇ ಸೆಕೆಂಡಿಗೇ ಇನ್ನೊಂದು ಸಲ ಹೇಳಿ ಮೊದಲಿನದನ್ನೂ ಕೆಡಿಸುತ್ತೇವೆ. ಲೆಕ್ಕ ಹತ್ತಿದ್ದರೆ ನಾಲ್ಕು ಬರೆದು ತೋರಿಸಿ ಹೋಗಲಿ, ಆಮೇಲೆ ಮೂರು, ಆಮೇಲೆ ಮೂರು. ಎದ್ದು ಬಂದು ತೋರಿಸುವುದೇ ಅವನಿಗೆ ಬೇಕಾದ ಓಡಾಟ. ಹವಾಮಾನ ನಕ್ಷೆ ತುಂಬಿಸುವುದು, ಹಾಲಿನ ಲೋಟ ಹಂಚುವುದು, ಬಳಪ ತರುವುದು ಇಂಥವನ್ನು ಅವನ ಹೆಸರಿಗೇ ಬರೆದಿಡಿ. ತಪ್ಪು ಮಾಡಿದ ದಿನ ‘ಇವತ್ತು ನಿನಗಿಲ್ಲ’ ಅಂತ ಕಿತ್ತುಕೊಳ್ಳಬೇಡಿ. ಆಟದ ಪೀರಿಯಡ್ ಕಿತ್ತುಕೊಳ್ಳುವುದಂತೂ ಬೇಡವೇ ಬೇಡ, ಮಧ್ಯಾಹ್ನದ ಮೇಲೆ ನೀವೇ ಅನುಭವಿಸಬೇಕಾಗುತ್ತದೆ.

ಹಲಗೆ_ಬಳಪ

ಎರಡು ಕಾರ್ಡಿನ ಉಪಾಯ ನಾಳೆಯಿಂದಲೇ ಮಾಡಬಹುದು. ಸಮನ್ವಯ ಮೇಡಂ, ನಕ್ಷತ್ರದ ಚಾರ್ಟು ಹಾಕಿ ಅಂತ ಎಲ್ಲರೂ ಹೇಳ್ತಾರೆ. ಮೊದಲ ವಾರ ಚೆನ್ನಾಗಿ ನಡೆದು ಮೂರನೇ ವಾರಕ್ಕೆ ಯಾರೂ ಅದರ ಕಡೆ ನೋಡಲ್ಲ ಅನ್ನೋ ದೂರು ಎಲ್ಲ ಕಡೆ ಇದೆ. ಯಾಕೆ?

ಸಮನ್ವಯ_ದಾರಿ

ಮೂರು ಕಾರಣ. ಬಹುಮಾನ ಶನಿವಾರಕ್ಕೆ ಇಟ್ಟಿರುತ್ತಾರೆ. ಆರು ವರ್ಷದ ಮಗುವಿಗೆ, ಅದರಲ್ಲೂ ಈ ಮಗುವಿಗೆ, ಸೋಮವಾರದಿಂದ ಶನಿವಾರ ಅಂದರೆ ಯುಗ. ಗುರಿಯನ್ನು ‘ಗಲಾಟೆ ಮಾಡಬಾರದು’ ಅಂತ ಬರೆದಿರುತ್ತಾರೆ. ಅದರಲ್ಲಿ ಮಾಡುವುದಕ್ಕೆ ಏನೂ ಇಲ್ಲ, ಮಾಡದೆ ಇರುವುದಷ್ಟೇ ಇದೆ. ಮೂರನೆಯದು, ಇಡೀ ಕ್ಲಾಸಿನ ಮುಂದೆ ಗೋಡೆಯ ಮೇಲೆ ಹಾಕಿರುತ್ತಾರೆ, ಅವನ ಸಾಲು ಯಾವಾಗಲೂ ಖಾಲಿ.

ಗೋಡೆ ಬಿಟ್ಟು ಕೈಯಷ್ಟಗಲದ ದಿನದ ಚೀಟಿ ಮಾಡಿ. ಒಂದು ಎ4 ಹಾಳೆಯಲ್ಲಿ ನಾಲ್ಕು ಬರುತ್ತವೆ. ಅಡ್ಡಕ್ಕೆ ದಿನದ ನಾಲ್ಕು ಹೊತ್ತು: ಪ್ರಾರ್ಥನೆಯಿಂದ ಸಣ್ಣ ಬಿಡುವಿನವರೆಗೆ, ಅಲ್ಲಿಂದ ಊಟದವರೆಗೆ, ಊಟದ ನಂತರ, ಕೊನೆಯ ಹೊತ್ತು. ಉದ್ದಕ್ಕೆ ಮೂರೇ ಗುರಿ. ಉದಾಹರಣೆಗೆ, ‘ಕೊಟ್ಟ ಕಾರ್ಡು ಮುಗಿಸಿ ತೋರಿಸಿದೆ’, ‘ಕೈ ಎತ್ತಿ ಮಾತಾಡಿದೆ, ಟೀಚರ್ ಎರಡಕ್ಕಿಂತ ಹೆಚ್ಚು ಸಲ ನೆನಪಿಸಬೇಕಾಗಲಿಲ್ಲ’, ‘ಕೈಯನ್ನು ನನ್ನ ಹತ್ತಿರವೇ ಇಟ್ಟುಕೊಂಡೆ’. ಒಟ್ಟು 12 ಮನೆ.

ಈಗ ಎಲ್ಲರೂ ಎಡವುವ ಜಾಗ. ಮೊದಲ ಐದು ದಿನ ಮಗುವಿಗೆ ಹೇಳದೆ ನೀವೇ ತುಂಬಿ ನೋಡಿ. ಸರಾಸರಿ 5 ಬಂದರೆ ಮೊದಲ ಗುರಿ 6, ಬಹಳ ಅಂದರೆ 7. ಹತ್ತು ಅಂತ ಇಟ್ಟರೆ ಎರಡು ದಿನ ಸೋತು ಚೀಟಿ ಹರಿಯುತ್ತಾನೆ. ಮೊದಲ ವಾರ ಬಹುಪಾಲು ದಿನ ಗೆಲ್ಲಲೇಬೇಕು. ವಾರಕ್ಕೊಂದರಂತೆ ಏರಿಸುತ್ತಾ 12ರಲ್ಲಿ 9 ಅಥವಾ 10ಕ್ಕೆ ನಿಲ್ಲಿಸಿ. ಹನ್ನೆರಡಕ್ಕೆ ಹನ್ನೆರಡು ಯಾವ ಮಗುವಿಗೂ ಬೇಡ.

ಗುರುತನ್ನು ಆಯಾ ಹೊತ್ತು ಮುಗಿದ ಕೂಡಲೇ ಹಾಕಿ, ಸಂಜೆ ನಾಲ್ಕಕ್ಕೆ ನೆನಪು ಮಾಡಿಕೊಂಡು ಅಲ್ಲ. ಹಾಕುವಾಗ ಅರ್ಧ ವಾಕ್ಯ ಹೇಳಿ, ‘ಎರಡು ಕಾರ್ಡೂ ತೋರಿಸಿದೆ ನೋಡು’ ಅಂತ. ಸಿಗದ ಮನೆ ಖಾಲಿ ಬಿಡಿ, ಕೆಂಪು ಅಡ್ಡಗೀಟು ಬೇಡ, ಗಳಿಸಿದ್ದನ್ನು ಕಳೆಯುವುದೂ ಬೇಡ. ಬಹುಮಾನ ಅದೇ ಸಂಜೆ ಮನೆಯಲ್ಲಿ, ಖರ್ಚಿಲ್ಲದ್ದು: ಅಪ್ಪನ ಜೊತೆ 15 ನಿಮಿಷ ಕೇರಂ, ರಾತ್ರಿಯ ಕಥೆ ಆರಿಸುವ ಹಕ್ಕು, ಸೈಕಲ್ಲಿನಲ್ಲಿ ಒಂದು ಸುತ್ತು. ಮನೆಯಲ್ಲಿ ಯಾರಿಗೂ ಬಿಡುವಿಲ್ಲ ಅಂದರೆ ಶಾಲೆಯಲ್ಲೇ ಕೊನೆಯ ಹತ್ತು ನಿಮಿಷ ಅವನಿಗೆ ಇಷ್ಟದ ಕೆಲಸ ಕೊಡಿ. ಚೀಟಿ ಹರಿದು ಬರುತ್ತಿದೆ, ಇಲ್ಲವೇ ‘ಕಳೆದುಹೋಯ್ತು’ ಅನ್ನುತ್ತಾನೆ ಅಂದರೆ ಮನೆಯಲ್ಲಿ ಕಮ್ಮಿ ಬಂದ ದಿನ ಏಟು ಬೀಳುತ್ತಿದೆ ಅಂತ ಅನುಮಾನಿಸಿ. ಆಗ ಚೀಟಿಯನ್ನು ಮನೆಗೆ ಕಳಿಸುವುದು ನಿಲ್ಲಿಸಿ, ಮನೆಯವರನ್ನು ಕರೆಸಿ.

ಹಳೇ_ಬೆಂಚು

ಇದು ಲಂಚ ಕೊಟ್ಟಂಗ ಆಗಲಿಲ್ಲೇನ್ರೀ? ನಾಳೆ ಬಾಕಿ ಹುಡುಗರೂ ಕೇಳ್ತಾವು.

ಮೈಲಿಗಲ್ಲು

ಕೇಳುತ್ತವೆ ಸರ್, ಎರಡು ದಿನ. ಕೇಳಿದ ಮಗುವಿಗೂ ಒಂದು ಚೀಟಿ ಕೊಡಿ, ಹೆಚ್ಚಿನವು ವಾರದಲ್ಲೇ ಬಿಟ್ಟುಬಿಡುತ್ತವೆ, ಅವಕ್ಕೆ ಬೇಕಿಲ್ಲ. ಕಣ್ಣು ಮಂದ ಇರುವವನಿಗೆ ಕನ್ನಡಕ ಕೊಟ್ಟರೆ ಉಳಿದವರಿಗೂ ಕೊಡಬೇಕು ಅಂತ ಯಾರೂ ಅನ್ನಲ್ಲ.

ಇನ್ನೊಂದು ಮಾತು ಯಾರೂ ಎತ್ತಲಿಲ್ಲ, ಹುಡುಗಿಯರದು. ನಮ್ಮ ಪಟ್ಟಿಯಲ್ಲಿ ಬರೀ ಹುಡುಗರೇ ಇರುತ್ತಾರೆ. ಯಾಕಂದರೆ ನಾವು ಗಲಾಟೆಯನ್ನು ಎಣಿಸುತ್ತೇವೆ, ಗಮನವನ್ನಲ್ಲ. ಕೈಕಟ್ಟಿ ಕೂತು, ಹಲಗೆ ನೋಡುತ್ತಾ, ಅರ್ಧ ಪುಟವೂ ಬರೆಯದ ಹುಡುಗಿ ಮೂರನೇ ಕ್ಲಾಸು ದಾಟಿ ಹೋಗಿಬಿಡುತ್ತಾಳೆ. ‘ಪಾಪ, ಸ್ವಲ್ಪ ಮಂದ’ ಅಂತ ಷರಾ. 40 ನೋಟದ ಎಣಿಕೆಯನ್ನು ಅಂಥವಳ ಮೇಲೂ ಒಮ್ಮೆ ಮಾಡಿ.

ಅಮ್ಮ_ಆಫೀಸು

ಮಾತ್ರೆ ಬಗ್ಗೆ ಕೇಳಬೇಕಿತ್ತು. ಮಂಕಾಗಿಬಿಡ್ತಾರೆ, ಅಭ್ಯಾಸ ಆಗಿಬಿಡುತ್ತೆ ಅಂತ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹೆದರಿಸ್ತಾರೆ. ಇನ್ನು ಕೆಲವು ಕಡೆ ಮಾತ್ರೆ ಶುರು ಮಾಡಿದರೆ ಮಾತ್ರ ಸೀಟು ಅಂತ ಶಾಲೆಯವರೇ ಹೇಳ್ತಾರಂತೆ.

ಮಕ್ಕಳ_ಡಾಕ್ಟ್ರು

ಮಾತ್ರೆ ಬೇಕೋ ಬೇಡವೋ ಅನ್ನುವುದು ಡಾಕ್ಟರಿಗೂ ತಂದೆತಾಯಿಗೂ ಬಿಟ್ಟದ್ದು. ಶಾಲೆ ಆ ಷರತ್ತು ಹಾಕುವಂತಿಲ್ಲ.

6 ವರ್ಷದೊಳಗಿನವರಿಗೆ ಮೊದಲು ಮಾತ್ರೆಯಲ್ಲ, ತಂದೆತಾಯಿಗೆ ತರಬೇತಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. 6 ದಾಟಿದ ಮೇಲೆ, ತೊಂದರೆ ಜೋರಾಗಿದ್ದರೆ, ತರಗತಿಯ ಬದಲಾವಣೆಗಳ ಜೊತೆಗೇ ಮಾತ್ರೆ.

ಮಿಥೈಲ್‌ಫೆನಿಡೇಟ್ ಹೆಚ್ಚು ಬಳಕೆಯದು. ಸಾಮಾನ್ಯ ಬಗೆಯದು ಅರ್ಧ ಗಂಟೆಯಲ್ಲಿ ಹತ್ತಿ ಮೂರು ನಾಲ್ಕು ಗಂಟೆಗೆ ಇಳಿಯುತ್ತದೆ, 5 ಮಿಲಿಗ್ರಾಮಿನಂಥ ಸಣ್ಣ ಪ್ರಮಾಣದಿಂದ ಶುರು. ಬೆಳಿಗ್ಗೆ 8ಕ್ಕೆ ಕೊಟ್ಟರೆ 10ಕ್ಕೆ ಶುರುವಾಗುವ ಶಾಲೆಯಲ್ಲಿ ಊಟದ ಹೊತ್ತಿಗೆ ಮುಗಿದಿರುತ್ತದೆ. ‘ಬೆಳಿಗ್ಗೆ ಚೆನ್ನಾಗಿದ್ದ, ಮಧ್ಯಾಹ್ನ ಮತ್ತೆ ಅದೇ ರಾಗ’ ಅಂದರೆ ಮಾತ್ರೆ ಕೆಲಸ ಮಾಡಿಲ್ಲ ಅಂತಲ್ಲ, ಹೊತ್ತು ಮುಗಿದಿದೆ ಅಂತ. ಹಾಗಾಗಿ ಟೀಚರ್ ಗಂಟೆ ಸಮೇತ ಬರೆದುಕೊಟ್ಟರೆ ನಮಗೆ ಚಿನ್ನ. ಹಸಿವು ಕಮ್ಮಿಯಾಗುತ್ತದೆ, ಮಾತ್ರೆಗೆ ಮುಂಚೆ ಹೊಟ್ಟೆ ತುಂಬ ತಿಂಡಿ ಆಗಲಿ, ಬಿಸಿಯೂಟ ಮುಟ್ಟದಿದ್ದರೆ ಬೈಯಬೇಡಿ, ಮೊಟ್ಟೆಯೋ ಬಾಳೆಹಣ್ಣೋ ಎತ್ತಿಟ್ಟು ಕೊನೆಯ ಹೊತ್ತಿಗೆ ಕೊಡಿ. ಸಂಜೆ ಕೊಟ್ಟರೆ ನಿದ್ದೆ ಕೆಡುತ್ತದೆ. ತೂಕ, ಎತ್ತರ, ನಾಡಿ, ಬಿಪಿ ನೋಡುತ್ತಿರಬೇಕು. ಮಗು ಮಂಕಾದರೆ ಪ್ರಮಾಣ ಜಾಸ್ತಿಯಾಗಿದೆ ಅಂತ, ಸಹಿಸಿಕೊಳ್ಳಬೇಕಾದ್ದಲ್ಲ, ಡಾಕ್ಟರಿಗೆ ಹೇಳಿ.

ಇದು ಶೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಬಿಗಿ ನಿಯಂತ್ರಣ ಇರುವ ಪಟ್ಟಿಯದು. ಡಾಕ್ಟರ ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗಲ್ಲ. ತಾಲ್ಲೂಕಿನವರು ಮಾತ್ರೆ ಮುಗಿಯುವ ಒಂದು ವಾರ ಮುಂಚೆಯೇ ವ್ಯವಸ್ಥೆ ಮಾಡಿಕೊಳ್ಳಿ. ಅಟೊಮಾಕ್ಸೆಟಿನ್ ಇನ್ನೊಂದು ಬಗೆ. ಅದು ಹತ್ತೋಕೆ ನಾಲ್ಕರಿಂದ ಆರು ವಾರ ಬೇಕು, ಹತ್ತು ದಿನಕ್ಕೆ ‘ಏನೂ ಆಗ್ಲಿಲ್ಲ’ ಅಂತ ನಿಲ್ಲಿಸುವವರೇ ಜಾಸ್ತಿ. ಯಾವ ಮಾತ್ರೆಯೂ ಕಾಗುಣಿತ ಕಲಿಸಲ್ಲ. ಕೂರಿಸುತ್ತದೆ, ಕಲಿಸಬೇಕಾದವರು ನೀವೇ.

ಹಲಗೆ_ಬಳಪ

ಸರ್ಕಾರಿ ಶಾಲೆಯವರು ಎಲ್ಲಿಗೆ ಕಳಿಸಬೇಕು, ಏನು ಕಾಗದ ಬೇಕು? ಮನೆಯವರಿಗೆ ಹೇಗೆ ಹೇಳಬೇಕು?

ಸಮನ್ವಯ_ದಾರಿ

ವರ್ಷಕ್ಕೊಮ್ಮೆ ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ತಂಡದ ಪಟ್ಟಿಯಲ್ಲಿ ಎಡಿಎಚ್‌ಡಿ, ಕಲಿಕಾ ತೊಂದರೆ ಎರಡೂ ಇವೆ. ಅವರು ಬರುವ ದಿನ ಮಗುವಿನ ಹೆಸರನ್ನು ನೀವೇ ಮುಂದೆ ಮಾಡಿ, ಇಲ್ಲದಿದ್ದರೆ ಹಲ್ಲು, ತೂಕ ನೋಡಿ ಹೊರಡುತ್ತಾರೆ. ಅಲ್ಲಿಂದ ಜಿಲ್ಲಾಸ್ಪತ್ರೆಯ ಡಿಇಐಸಿಗೆ (ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರ) ಬರೆದುಕೊಡುತ್ತಾರೆ. ಅದಕ್ಕಿಂತ ಮೇಲೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್. ತಂದೆತಾಯಿಗೆ ಮೊದಲು ಮಾತಾಡಿಕೊಳ್ಳಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಸರ್ಟಿಫಿಕೇಟಿನ ಬಗ್ಗೆ ಗೊಂದಲ ಜಾಸ್ತಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಅಂತ ಬೇರೆ ಹೆಸರಿಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವುದೂ 8 ವರ್ಷ ತುಂಬಿದ ಮೇಲೆ. ಹಾಗಾಗಿ ಒಂದನೇ ಕ್ಲಾಸಿನ ಮಗುವಿನ ತಂದೆತಾಯಿಯನ್ನು ಸರ್ಟಿಫಿಕೇಟಿಗೆ ಅಲೆಸಬೇಡಿ. ಮುಂದೆ ಕೂರಿಸುವುದಕ್ಕೆ, ಕೆಲಸ ತುಂಡು ಮಾಡುವುದಕ್ಕೆ ಯಾವ ಕಾಗದವೂ ಬೇಕಿಲ್ಲ.

ಮನೆಯವರಿಗೆ ಹೇಳುವುದು ಶಾಲೆ ಬಿಟ್ಟ ಮೇಲೆ, ಕೂರಿಸಿ. ಗೇಟಿನ ಹತ್ತಿರ ನಾಲ್ಕು ಜನರ ಮುಂದೆ ಬೇಡ, ಪೋಷಕರ ಸಭೆಯಲ್ಲಂತೂ ಬೇಡ. ಅಮ್ಮನನ್ನೊಬ್ಬಳನ್ನೇ ಕರೆಸಿದರೆ ಮನೆಯಲ್ಲಿ ತಪ್ಪೆಲ್ಲ ಅವಳ ತಲೆಗೆ ಬರುತ್ತದೆ. ಅಪ್ಪನೋ ಅಜ್ಜಿಯೋ ಜೊತೆಗಿರಲಿ. ಮಗುವಿಗೆ ಬರುವ ಎರಡು ಸಂಗತಿ ಮೊದಲು ಹೇಳಿ, ನಿಜವಾದವು. ಆಮೇಲೆ ಎಣಿಕೆಯ ಹಾಳೆ ತೋರಿಸಿ. ‘ಮನೇಲಿ ಊಟಕ್ಕೆ ಕೂತಾಗ ಹೇಗೆ? ಮದುವೆ ಮನೇಲಿ? ಟಿವಿ ಇಲ್ಲದಾಗ?’ ಅಂತ ಕೇಳಿ, ಉತ್ತರ ಬರೆದುಕೊಳ್ಳಿ. ರೋಗದ ಹೆಸರು ನಿಮ್ಮ ಬಾಯಿಂದ ಬರಬಾರದು. ‘ಕಿವಿ, ಕಣ್ಣು, ರಕ್ತ ಒಮ್ಮೆ ನೋಡಿಸಿ, ಆಮೇಲೆ ಮಕ್ಕಳ ಡಾಕ್ಟರಿಗೆ ಈ ಹಾಳೆ ತೋರಿಸೋಣ’ ಅಂದರೆ ಹೆಚ್ಚಿನವರು ಹೋಗುತ್ತಾರೆ.

ಮೈಲಿಗಲ್ಲು

ಕೊನೆಗೆ ಒಂದು ಸೇರಿಸ್ತೀನಿ. ಮೂರನೇ ಕ್ಲಾಸಿನವರೆಗೆ ನಲಿಕಲಿಯಲ್ಲಿ ಹೇಗೋ ನಡೆದ ಮಗು ನಾಲ್ಕಕ್ಕೆ ಹೋದ ತಿಂಗಳಲ್ಲೇ ಕುಸಿಯುತ್ತದೆ. ಅಲ್ಲಿ ಬೆಂಚು, 40 ನಿಮಿಷದ ಪೀರಿಯಡ್, ಹಲಗೆ ನೋಡಿ ಬರೆಯುವುದು. ಮಾರ್ಚ್‌ನಲ್ಲೇ ನಾಲ್ಕನೇ ಕ್ಲಾಸಿನ ಟೀಚರ್‌ಗೆ ಒಂದು ಪುಟ ಬರೆದುಕೊಡಿ: ಎಲ್ಲಿ ಕೂರಿಸಿದರೆ ಒಳ್ಳೆಯದು, ಎಷ್ಟು ಲೆಕ್ಕ ಒಟ್ಟಿಗೆ ಕೊಡಬಹುದು, ದಿನದ ಚೀಟಿ ಎಷ್ಟಕ್ಕೆ ನಿಂತಿದೆ, ಮಾತ್ರೆ ಇದ್ದರೆ ಯಾವ ಹೊತ್ತಿಗೆ ಇಳಿಯುತ್ತದೆ, ಯಾವ ಮಾತಿಗೆ ಕೆರಳುತ್ತಾನೆ. ‘ಕಿಲಾಡಿ, ಹುಷಾರು’ ಅಂತ ಬಾಯಿಮಾತಿನಲ್ಲಿ ದಾಟಿಸಬೇಡಿ. ಜೂನ್‌ನಲ್ಲಿ ಹಲಗೆಯಿಂದ ಬರೆದುಕೊಳ್ಳುವುದನ್ನು ಅರ್ಧ ಮಾಡಿ, ಉಳಿದರ್ಧವನ್ನು ಬರೆದೇ ಕೊಡಿ ಅಂತಲೂ ಆ ಪುಟದಲ್ಲಿ ಸೇರಿಸಿ.